ಎರಡೂ ಕಿವಿ ಕಾಣಬೇಕು

ಫೋಟೋ ಸ್ಟುಡಿಯೋದ ಯಜಮಾನರಿಗೆ ಅವರಪ್ಪ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು. ಅಲ್ಲಿಂದ ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಊರಿಗೆಲ್ಲ ಅವರು ‘ಅಲ್ಲಾಡಬೇಡಿಯವರು’. ಇಪ್ಪತ್ತೆಂಟು ವರ್ಷ ಬರೀ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದೂ ತೆಗೆದೂ ಆ ಒಂದು ಮಾತು ಅವರಿಗೆ ಉಸಿರಾಟದಷ್ಟೇ ಸಲೀಸಾಗಿಬಿಟ್ಟಿತ್ತು. ಸ್ಟೂಲಿನ ಮೇಲೆ ಕೂತವರು ನ್ಯಾಯಾಧೀಶರಾಗಲಿ, ಮೂಟೆ ಹೊರುವವರಾಗಲಿ, ಅಪ್ಪಣೆ ಒಂದೇ: “ಗದ್ದ ಕೆಳಗೆ. ನಗಬೇಡಿ. ಎರಡೂ ಕಿವಿ ಕಾಣಬೇಕು. ಅಲ್ಲಾಡಬೇಡಿ!” ಒಮ್ಮೆ ಬಚ್ಚಲಿಗೆ ನುಗ್ಗಿದ ಹಾವಿಗೂ ಅವರು ಅಲ್ಲಾಡಬೇಡ ಅಂದಿದ್ದರಂತೆ, ಅದು ಅಲ್ಲಾಡಲೇ ಇಲ್ಲವಂತೆ. ಇದು ಅವರ ಹೆಂಡತಿ ಹೇಳುವ ಕಥೆ. ಅದು ಬಟ್ಟೆ ಒಣಗಿಸುವ ಹಗ್ಗವಾಗಿತ್ತು ಎಂದು ಮಗಳು ಹೇಳುತ್ತಾಳೆ. ನಮಗ್ಯಾಕೆ ಮನೆಯವರ ಜಗಳ!

ಈಚೆಗೆ ಆ ಸ್ಟೂಲಿನ ಮೇಲೆ ಮನುಷ್ಯರಿಗಿಂತ ಧೂಳು ಕೂರುವುದೇ ಹೆಚ್ಚಾಗಿತ್ತು. ಜನ ಮನೆಯ ಗೋಡೆಗೆ ಒರಗಿ ನಿಂತು ಫೋನಿನಲ್ಲೇ ಫೋಟೋ ಹೊಡೆದುಕೊಳ್ಳುತ್ತಿದ್ದರು. ಅಲ್ಲಾಡಬೇಡಿಯವರು ತೆಗೆದ ಮುಖಗಳು ಊರಿನ ಪತ್ರಿಕೆಯಲ್ಲಿ ಬರುವುದು ನಿಧನ ವಾರ್ತೆಯ ಅಂಕಣದಲ್ಲಿ ಮಾತ್ರ. ಅದರ ಕೆಳಗೆ ದುಃಖತಪ್ತ ಬಂಧುಗಳ ಹೆಸರಿರುತ್ತದೆಯೇ ಹೊರತು ಫೋಟೋ ತೆಗೆದವರದ್ದು ಇರುವುದಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಸ್ಟುಡಿಯೋಗೆ ಬಂದರು. ಊರಿನ ಅತಿ ದೊಡ್ಡ ಬಾತ್‌ರೂಮ್ ಸಾಮಾನಿನ ಶೋರೂಮ್ ಅವರದ್ದು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯದನ್ನು ಮಾಡದೆ ಬಿಡುವುದಿಲ್ಲ ಎಂಬ ಹಟದ ಮನುಷ್ಯ.

“ಇನ್ನೂ ಎಷ್ಟು ದಿನ ಅಂತ ಈ ಕತ್ತಲೆ ಕೋಣೇಲಿ ಕೂತಿರ್ತೀಯಯ್ಯಾ? ನಮ್ಮ ಶೋರೂಮಿಗೆ ಬಾ. ಮೇಲ್ವಿಚಾರಣೆ ನಿಂದೇ. ನಿನಗೋಸ್ಕರ ತಿರುಗೋ ಕುರ್ಚಿ ತರಿಸಿಟ್ಟಿದ್ದೀನಿ. ಸುತ್ತಲೂ ನೂರಾ ಇಪ್ಪತ್ತು ಕಮೋಡುಗಳಿವೆ, ಒಂದಾದರೂ ಅಲ್ಲಾಡುತ್ತಾ? ನಿನಗೆ ಹೇಳಿ ಮಾಡಿಸಿದ ಕೆಲಸ!”

ಈ ಕೋಣೆ ಬಿಟ್ಟರೆ ಅಲ್ಲಾಡಬೇಡಿಯವರಿಗೆ ಬದುಕೇ ಇರಲಿಲ್ಲ. ಏನಾದರೂ ಹೇಳಿ ತಪ್ಪಿಸಿಕೊಳ್ಳಬೇಕು, ಏನು ಹೇಳುವುದು? ಕಣ್ಣು ಬಾಗಿಲಾಚೆ, ಬೀದಿಯ ಎದುರುಗೋಡೆಯ ಕಡೆ ಓಡಿತು. ಅಲ್ಲೊಂದು ಪೋಸ್ಟರು. ಅದರ ಕೆಳಗಿನ ಅರ್ಧದ ಮೇಲೆ ಯಾರೋ ಪಾತ್ರೆ ಅಂಗಡಿಯ ರಿಯಾಯಿತಿ ಜಾಹೀರಾತು ಅಂಟಿಸಿದ್ದರು. ಮೇಲಿನ ಅರ್ಧದಲ್ಲಿ ಬೆಳ್ಳಗಿನ ಗಡ್ಡ, ಬೆಳ್ಳಗಿನ ನೀಳ ಕೂದಲಿನ ನಾಲ್ವರು ಹಿರಿಯರು ಕಣ್ಣು ಮುಚ್ಚಿ ನಿಂತಿದ್ದರು. ಅವರ ತಲೆಯ ಮೇಲೆ ಮುಳ್ಳುಪೊದೆಯಂಥದೊಂದು ಚಿತ್ರ. ಅದು ಚಿತ್ರವಲ್ಲ, ತಂಡದ ಹೆಸರು ಎಂದು ತಿಳಿಯಲು ಯಾವ ದಾರಿಯೂ ಇರಲಿಲ್ಲ. ಓದಲು ಬರುತ್ತಿದ್ದುದು ಒಂದೇ ಸಾಲು: ‘ವೇದಿಕೆಯ ಮೇಲೆ ನಲವತ್ತೈದು ವರ್ಷ. ಭಾನುವಾರ ಸಂಜೆ, ದೊಡ್ಡ ಮೈದಾನ.’

ಪಾಪ, ಯಾರೋ ಸಾಧುಸಂತರಂಥ ಗಾಯಕರು, ಕಣ್ಣು ಮುಚ್ಚಿ ಕೂತು ಹಾಡುವವರು, ಎಂದುಕೊಂಡರು ಅಲ್ಲಾಡಬೇಡಿಯವರು. ಕೂತವರು ಎಲ್ಲಿಗೆ ಓಡುತ್ತಾರೆ? ಅಷ್ಟು ಧೈರ್ಯ ಸಾಕಾಯಿತು, ಬಾಯಿಂದ ಮಾತು ಉದುರಿಬಿಟ್ಟಿತು.

“ಇಲ್ಲ ಭಾವ, ಈಗ ಪುರುಸೊತ್ತೇ ಇಲ್ಲ. ಭಾನುವಾರ ಆ ಹಿರಿಯರ ಕಾರ್ಯಕ್ರಮದ ಫೋಟೋ ನಂದೇ. ಪತ್ರಿಕೆಯವರು ಬಿಡ್ತಾನೇ ಇಲ್ಲ.”

ಷಡ್ಡಕರು ಪೋಸ್ಟರು ನೋಡಿದರು, ಇವರನ್ನು ನೋಡಿದರು. “ಹೌದಾ? ಸಂತೋಷ. ಸೋಮವಾರದ ಪೇಪರಲ್ಲಿ ಫೋಟೋ ಬರಲಿ, ಕೆಳಗೆ ನಿನ್ನ ಹೆಸರಿರಲಿ. ಜನ್ಮದಲ್ಲಿ ಈ ಕುರ್ಚಿ ವಿಷಯ ಎತ್ತಲ್ಲ. ಬರಲಿಲ್ಲವೋ, ಮಂಗಳವಾರ ಬೆಳಗ್ಗೆ ಈ ಶಟರ್ ಕೆಳಗೆ, ನೀನು ಕುರ್ಚಿ ಮೇಲೆ. ಒಪ್ಪಿಗೆ ತಾನೆ?”

ಒಪ್ಪದೆ ಏನು ಮಾಡುತ್ತಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸ್ಟುಡಿಯೋಗೂ ಪಕ್ಕದ ಕ್ಷೌರದಂಗಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅದರಾಚೆ ಕ್ಷೌರಿಕರು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕ್ಷೌರಿಕರಿಗೆ ತಿಳಿಯಿತೆಂದರೆ ಊರಿನಲ್ಲಿ ಬೇರೆ ಡಂಗುರ ಬೇಕಿಲ್ಲ. ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಸುದ್ದಿ ಬೀದಿಗಿಳಿಯಿತು, ಎರಡನೆಯ ಕೆನ್ನೆ ಮುಗಿಯುವ ಹೊತ್ತಿಗೆ ಬಸ್ ನಿಲ್ದಾಣ ದಾಟಿತು. ಶನಿವಾರ ಬೆಳಗ್ಗೆ ಊರಿನ ಪತ್ರಿಕೆಯ ಸಂಪಾದಕರೇ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದರು.

ಸುಳ್ಳು ಹಿಡಿಯಲೆಂದೇ ಬಂದಿದ್ದಾರೆ ಎಂದು ಅಲ್ಲಾಡಬೇಡಿಯವರು ಸ್ಟೂಲಿನ ಹಿಂದಕ್ಕೆ ಸರಿದರು. ಸಂಪಾದಕರು ಮಾತ್ರ ಎರಡೂ ಕೈ ಹಿಡಿದುಕೊಂಡರು.

“ದೇವರ ಹಾಗೆ ಸಿಕ್ಕಿದ್ರಿ ಸ್ವಾಮಿ! ನಮ್ಮ ಫೋಟೋಗ್ರಾಫರು ಸೊಂಟ ಹಿಡ್ಕೊಂಡು ಮಲಗಿದ್ದಾನೆ. ನೀವು ಹೇಗೂ ಹೋಗ್ತಿದ್ದೀರಂತೆ, ನಮಗೂ ಒಂದು ಫೋಟೋ ಕೊಡಿ. ಇಗೋ ಪಾಸು. ಮೊದಲ ಪುಟಕ್ಕೆ ಜಾಗ ಬಿಟ್ಟಿರ್ತೀನಿ.”

“ನಿಮಗೆ ಗೊತ್ತಾ ಅವರು?”

“ಗೊತ್ತಾ ಅಂದ್ರೆ? ಕಾಲೇಜಿನಲ್ಲಿದ್ದಾಗ ಹಗಲೂ ರಾತ್ರಿ ಕೇಳ್ತಿದ್ದೆ. ಮೈಮೇಲೆ ಬಂದ ಹಾಗೆ ಆಗ್ತಿತ್ತು!” ಸಂಪಾದಕರ ಕಣ್ಣು ಒದ್ದೆಯಾಯಿತು. ಭಕ್ತಿ ಅಂದರೆ ಇದು, ಎಂದುಕೊಂಡರು ಅಲ್ಲಾಡಬೇಡಿಯವರು.

“ಒಂದು ನಿಯಮ ಇದೆ. ಎಲ್ಲ ಕಡೆ ಇರೋದೇ. ವೇದಿಕೆ ಮುಂದೆ ನಿಂತು ಮೊದಲ ಮೂರು ಹಾಡಿಗೆ ಮಾತ್ರ ಫೋಟೋ. ಫ್ಲ್ಯಾಶ್ ಹಾಕೋ ಹಾಗಿಲ್ಲ. ಮೂರು ಮುಗೀತೋ, ಹೊರಗೆ.”

“ಮೂರು ಹಾಡು ಧಾರಾಳ ಆಯ್ತು,” ಎಂದರು ಅಲ್ಲಾಡಬೇಡಿಯವರು. ಅಂಥ ಹಿರಿಯರು ಒಂದೊಂದು ಹಾಡನ್ನು ಒಂದೊಂದು ಗಂಟೆ ಹಾಡದೆ ಬಿಡುತ್ತಾರೆಯೇ!

ಸುಳ್ಳು ನಿಜವಾದ ಖುಷಿಯಲ್ಲಿ ಅವರು ಮನೆಗೆ ಬಂದರು. ಹೆಂಡತಿ ಹಿಗ್ಗಿ ಹೀರೇಕಾಯಿಯಾದರು. ದೊಡ್ಡವರ ಮುಂದೆ ಹೋಗುವಾಗ ಹೇಗೆಂದರೆ ಹಾಗೆ ಹೋಗಲಾಗುತ್ತದೆಯೇ? ಬೀರುವಿನಿಂದ ಮದುವೆ ಮನೆಗಳಿಗೆಂದೇ ಇಟ್ಟ ಬಿಳಿ ಅಂಗಿ, ಬಿಳಿ ಪ್ಯಾಂಟು ಹೊರಬಂದವು. ಗಂಜಿ ಹಾಕಿ ಇಸ್ತ್ರಿ ಮಾಡಿದ ಆ ಅಂಗಿಯನ್ನು ನೆಲದ ಮೇಲಿಟ್ಟರೆ ಯಾರ ಸಹಾಯವೂ ಇಲ್ಲದೆ ತಾನೇ ನಿಲ್ಲುತ್ತಿತ್ತು.

ಕಾಲೇಜಿಗೆ ಹೋಗುವ ಮಗಳು ಚಹಾ ಕುಡಿಯುತ್ತಾ ಪಾಸನ್ನು ತಿರುಗಿಸಿ ನೋಡಿದಳು. ಚಹಾ ಮೂಗಿಗೆ ಹತ್ತಿತು.

“ಅಪ್ಪಾ... ಇವರು ಯಾರು ಅಂತ ನಿಂಗೊತ್ತಾ?”

“ಹಿರಿಯರು,” ಎಂದರು ಅಪ್ಪ ಗಂಭೀರವಾಗಿ. “ನಲವತ್ತೈದು ವರ್ಷದ ಸಾಧನೆ.”

ಮಗಳು ಅಪ್ಪನ ಮುಖ ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕಳೆ ಬಂದಿತ್ತು. ಹೇಳಿಬಿಟ್ಟರೆ ಅಪ್ಪ ಹೋಗುವುದಿಲ್ಲ. ಹೋಗದಿದ್ದರೆ ಮಂಗಳವಾರ ಕಮೋಡುಗಳ ಮಧ್ಯೆ ಕೂರುತ್ತಾರೆ. ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, “ಹೌದಪ್ಪಾ, ತುಂಬಾ ಹಿರಿಯರು,” ಎಂದಳು. ಒಳಗೆ ಹೋಗಿ ಎರಡು ಉಂಡೆ ಹತ್ತಿ ತಂದು ಆ ಬಿಳಿ ಅಂಗಿಯ ಜೇಬಿಗೆ ತುರುಕಿದಳು. “ಇದು ಇರಲಿ. ಯಾಕೆ ಅಂತ ಕೇಳ್ಬೇಡ. ಬೇಕಾದಾಗ ನಿಂಗೇ ಗೊತ್ತಾಗುತ್ತೆ.”

ಭಾನುವಾರ ನಾಲ್ಕೂವರೆಗೆ ಅಲ್ಲಾಡಬೇಡಿಯವರು ಮೈದಾನ ತಲುಪಿದಾಗ ಅಲ್ಲಿದ್ದ ಹತ್ತು ಸಾವಿರ ಜನರಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನ ಕಪ್ಪು ಬಟ್ಟೆಯಲ್ಲಿದ್ದರು. ಎದೆಯ ಮೇಲೆಲ್ಲ ತಲೆಬುರುಡೆ, ಮುರಿದ ಮೂಳೆ, ಬೆಂಕಿ. ಯಾರೋ ಪುಣ್ಯಾತ್ಮರು ತೀರಿಕೊಂಡಿರಬೇಕು ಎಂದು ಅವರು ತಲೆ ತಗ್ಗಿಸಿ ಮೆಲ್ಲಗೆ ನಡೆದರು. ಕೊರಳಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹುಡುಗಿ ಎದುರಿಗೆ ಬಂದು, “ಡಾಕ್ಟರ್ ಅಂಕಲ್, ತಲೆನೋವಿನ ಮಾತ್ರೆ ಇದೆಯಾ?” ಎಂದಳು. ಅವರು ಗಾಬರಿಯಿಂದ, “ನಾನು ಫೋಟೋದವನು ತಾಯಿ,” ಎಂದರು. ಅಷ್ಟರಲ್ಲಿ ಕಾಲು ಉಳುಕಿಸಿಕೊಂಡ ಇನ್ನಿಬ್ಬರು ಆಂಬುಲೆನ್ಸ್ ಬಂತು ಎಂದು ಸಮಾಧಾನಪಟ್ಟು ಅವರ ಹಿಂದೆ ಕುಂಟುತ್ತಾ ಹೊರಟರು.

ವೇದಿಕೆಗೂ ಜನರಿಗೂ ನಡುವೆ ಕಬ್ಬಿಣದ ಬೇಲಿ. ಅದರೊಳಗೆ ಫೋಟೋದವರಿಗೆ ಎರಡು ಮಾರು ಜಾಗ. ಅಲ್ಲಿ ಬೀರುವಿನಷ್ಟು ಅಗಲದ ಕಾವಲುಗಾರ ನಿಂತಿದ್ದ. ಅಲ್ಲಾಡಬೇಡಿಯವರು ವೇದಿಕೆಯನ್ನು ಪರೀಕ್ಷಿಸಿ ನೊಂದುಕೊಂಡರು.

“ಏನಪ್ಪಾ ಇದು? ಅಷ್ಟು ವಯಸ್ಸಾದವರು, ಕೂತ್ಕೊಳ್ಳೋಕೆ ಒಂದು ಕುರ್ಚಿ ಇಟ್ಟಿಲ್ವಲ್ಲ?”

ಕಾವಲುಗಾರನ ಮುಖ ಹುಟ್ಟಿದಾಗಿನಿಂದ ನಕ್ಕಂತೆ ಇರಲಿಲ್ಲ. ಈಗ ಅದು ನಕ್ಕಿತು.

ಐದು ಗಂಟೆಗೆ ವೇದಿಕೆಯ ದೀಪಗಳೆಲ್ಲ ಆರಿದವು. ಒಂದು ಕ್ಷಣ ನಿಶ್ಶಬ್ದ. ಅಲ್ಲಾಡಬೇಡಿಯವರು ಕ್ಯಾಮೆರಾ ಕಣ್ಣಿಗಿಟ್ಟು ಭಯಭಕ್ತಿಯಿಂದ ಕಾದರು. ಆಮೇಲೆ ಆಕಾಶ ಕಳಚಿ ಬಿತ್ತು.

ಅದನ್ನು ಸದ್ದು ಅನ್ನಲಾಗದು. ಅಂಗಿಯ ಗುಂಡಿಗಳು ನಡುಗಿದವು, ಹಿಂದಿನ ವರ್ಷ ತುಂಬಿಸಿದ ಹಲ್ಲು ನಡುಗಿತು, ಒಳಗೆ ಕರುಳು ಜಾಗ ಬದಲಿಸಿತು. ಹೊಗೆಯೊಳಗಿಂದ ಆ ಹಿರಿಯರು ಸೀದಾ ಓಡಿಬಂದರು! ಒಬ್ಬರು ಗಿಟಾರನ್ನು ಕೊಡಲಿಯಂತೆ ಎತ್ತಿ ಹಿಡಿದಿದ್ದರು, ಹಿಂದೆ ಕೂತವರು ಡ್ರಮ್ಮುಗಳನ್ನು ಹಿಂದಿನ ಜನ್ಮದ ವೈರಿಗಳೆಂಬಂತೆ ಬಡಿಯುತ್ತಿದ್ದರು. ಹಾಡುವವರಿಗೆ ಎಪ್ಪತ್ತಾದರೂ ಆಗಿರಬೇಕು. ಅವರು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ನೆಗೆದು, ಬಾಯಿ ತೆರೆದು, ಹುಲಿಗೆ ನೆಗಡಿಯಾದಂಥ ದನಿಯಲ್ಲಿ ಗರ್ಜಿಸಿದರು. ಆಮೇಲೆ ನಾಲ್ವರೂ ತಲೆ ಕೆಳಗೆ ಹಾಕಿ ಕೂದಲನ್ನು ಗರಗರ ಬೀಸತೊಡಗಿದರು.

ಹತ್ತಿ ಯಾಕೆಂದು ಅಲ್ಲಾಡಬೇಡಿಯವರಿಗೆ ಈಗ ಗೊತ್ತಾಯಿತು. ಕಿವಿಗೆ ತುರುಕಿಕೊಂಡು, ಧರ್ಮ ಬಿಡಬಾರದೆಂದು ಮತ್ತೆ ಕ್ಯಾಮೆರಾ ಎತ್ತಿದರು. ಪಕ್ಕದ ಫೋಟೋದವರು ಪಟಪಟ ಒತ್ತುತ್ತಲೇ ಇದ್ದರು. ಇವರು ಒತ್ತಲಿಲ್ಲ. ಎದುರಿನ ಮನುಷ್ಯ ನೆಟ್ಟಗೆ ನಿಂತು, ಕಿವಿಗಳು ಕಂಡ ಮೇಲಲ್ಲವೇ ಒತ್ತುವುದು? ಇಪ್ಪತ್ತೆಂಟು ವರ್ಷದ ಬೆರಳು ಅದು. ಕಿವಿ ಕಾಣದೆ ಬಗ್ಗುವುದೇ ಇಲ್ಲ. ಆ ನಾಲ್ವರೋ, ಕಿವಿ ಹಾಗಿರಲಿ, ಮುಖವಿದೆಯೋ ಇಲ್ಲವೋ ಎಂಬುದನ್ನೇ ತೋರಿಸುತ್ತಿರಲಿಲ್ಲ.

“ಸ್ವಲ್ಪ ನಿಂತ್ಕೊಳ್ಳಿ ಸ್ವಾಮಿ,” ಎಂದರು ವಿನಯದಿಂದ. ಯಾರಿಗೆ ಕೇಳಬೇಕು?

“ಯಜಮಾನ್ರೇ, ಕೂದಲು ಹಿಂದಕ್ಕೆ!” ಎಂದು ಕೂಗಿದರು. ಯಜಮಾನರು ಕೂದಲನ್ನು ಇನ್ನಷ್ಟು ಮುಂದಕ್ಕೆ ಎಸೆದರು.

ಮೊದಲ ಹಾಡು ಮುಗಿದು ಎರಡನೆಯದು ಶುರುವಾದದ್ದು ಅವರಿಗೆ ತಿಳಿಯಲೇ ಇಲ್ಲ. ಸಿಡಿಲು ಒಂದೋ ಎರಡೋ ಎಂದು ಯಾರು ಎಣಿಸುತ್ತಾರೆ? ಕಾವಲುಗಾರ ಎರಡು ಬೆರಳು ತೋರಿಸಿದ. ಆಮೇಲೆ ಮೂರು ತೋರಿಸಿದ. ಗಂಟೆಗಟ್ಟಲೆ ಆಗಬೇಕಿದ್ದದ್ದು ಹತ್ತು ನಿಮಿಷಕ್ಕೆ ಬಂದು ನಿಂತಿತ್ತು. ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ಇಲ್ಲ. ಅಲ್ಲಾಡಬೇಡಿಯವರ ಕಣ್ಣ ಮುಂದೆ ತಿರುಗುವ ಕುರ್ಚಿ ನಿಧಾನವಾಗಿ ಒಂದು ಸುತ್ತು ತಿರುಗಿತು. ಮಾನ ಮರ್ಯಾದೆ ಎಲ್ಲ ಬಿಟ್ಟು, ವೇದಿಕೆಯ ಅಂಚು ಹಿಡಿದು, ಗಂಟಲು ಹರಿಯುವಂತೆ ಕಿರುಚಲು ಉಸಿರೆಳೆದುಕೊಂಡರು.

ಈಗ ಒಂದು ಸಂಗತಿ ಹೇಳಬೇಕು. ಆ ಮೂರನೆಯ ಹಾಡಿನ ನಟ್ಟನಡುವೆ ನಾಲ್ವರೂ ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಎರಡು ಉಸಿರಿನಷ್ಟು ಹೊತ್ತು ಸೂಜಿ ಬಿದ್ದರೂ ಕೇಳುವ ಮೌನ. ಆ ಮೌನ ಮೈದಾನದ ಹತ್ತು ಸಾವಿರ ಜನಕ್ಕೂ ಬಾಯಿಪಾಠವಾಗಿತ್ತು, ಒಬ್ಬರನ್ನು ಬಿಟ್ಟು. ಮೌನ ಬಿದ್ದ ಗಳಿಗೆಯಲ್ಲಿ ಹಾಡುವವರು ಮೈಕನ್ನು ಜನರ ಕಡೆ ಚಾಚಿ ಬಗ್ಗಿದ್ದರು. ಮೈಕಿಗೆ ಒಂದು ಗೇಣು ದೂರದಲ್ಲಿ ಬಿಳಿ ಅಂಗಿಯ ಬಾಯಿ ತೆರೆದುಕೊಂಡಿತು.

“ರೀ, ಅಲ್ಲಾಡಬೇಡೀ! ಕಿವೀನೇ ಕಾಣಿಸ್ತಿಲ್ಲಾ!”

ಆ ಮಾತು ನಲವತ್ತು ಸ್ಪೀಕರುಗಳಿಂದ ಹೊರಟು, ಮೈದಾನ ದಾಟಿ, ಆಚೆಯ ನೀರಿನ ಟ್ಯಾಂಕಿಗೆ ಬಡಿದು, ‘ಕಾಣಿಸ್ತಿಲ್ಲಾ... ಸ್ತಿಲ್ಲಾ...’ ಎಂದು ವಾಪಸು ಬಂತು.

ನಲವತ್ತೈದು ವರ್ಷ ವೇದಿಕೆಯ ಮೇಲೆ ಒಂದು ಗಳಿಗೆಯೂ ಸುಮ್ಮನೆ ನಿಲ್ಲದ ಆ ಹಾಡುವ ಹಿರಿಯರು ಒಂದು ಕಾಲು ಮೇಲೆತ್ತಿದ್ದವರು ಹಾಗೆಯೇ ನಿಂತರು. ಗಿಟಾರಿನವರು ನಿಂತರು. ಡ್ರಮ್ಮಿನವರ ಕೋಲು ಗಾಳಿಯಲ್ಲೇ ನಿಂತಿತು. ಇಂಥ ಫೋಟೋ ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಆದರೆ ತನ್ನದೇ ದನಿ ಆಕಾಶದಿಂದ ಕೇಳಿ ದಂಗಾದ ಅಲ್ಲಾಡಬೇಡಿಯವರು, ಅಲ್ಲಾಡಬೇಡಿ ಅಂದ ಮೇಲೆ ಬಟನ್ ಒತ್ತುವುದನ್ನು ಜೀವಮಾನದಲ್ಲಿ ಮೊದಲ ಸಲ ಮರೆತರು.

ಮರುಕ್ಷಣ ಹತ್ತು ಸಾವಿರ ಜನ ಮುಷ್ಟಿ ಎತ್ತಿ, “ಅಲ್ಲಾಡಬೇಡಿ! ಅಲ್ಲಾಡಬೇಡಿ!” ಎಂದು ಕುಣಿಯತೊಡಗಿದರು. ಡ್ರಮ್ಮಿನವರು ಅದಕ್ಕೆ ತಾಳ ಹಿಡಿದರು. ಕಾವಲುಗಾರ ಬಿಳಿ ಅಂಗಿಯನ್ನು ಕಾಲರು ಹಿಡಿದು, ಒಳಗಿದ್ದ ಮನುಷ್ಯನ ಸಮೇತ ಎತ್ತಿ, ವೇದಿಕೆಯ ಹಿಂದೆ ಇಳಿಸಿದ. “ಮೂರಾಯ್ತು ಸಾರ್,” ಎಂದ. ಹೋಗುವಾಗ ಮೆಲ್ಲಗೆ, “ಚೆನ್ನಾಗಿತ್ತು ಸಾರ್,” ಎಂದೂ ಸೇರಿಸಿದ.

ಅಲ್ಲಾಡಬೇಡಿಯವರು ಜನರೇಟರಿನ ಪಕ್ಕ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಸಿದರು. ಕ್ಯಾಮೆರಾ ಬರಿದು. ಸ್ಟೂಲು, ಕೊಡೆಯಂಥ ಎರಡು ದೀಪ, ಗೋಡೆಯ ಕನ್ನಡಿ, ಅದರ ಕೆಳಗೆ ಕಟ್ಟಿದ ಬಾಚಣಿಗೆ, ಎಲ್ಲ ಒಂದೊಂದಾಗಿ ನೆನಪಾದವು. ಇರಲಾರದೆ ಇರುವೆ ಬಿಟ್ಕೊಂಡೆನಲ್ಲ ಎಂದು ಅವರಿಗೆ ಅಳುವೇ ಬಂತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾಗ ಯಾರೋ ಓಡಿಬರುವ ಸದ್ದು ಕೇಳಿಸಿತು.

“ಯಾರ್ರೀ ಅದು, ಕಿವಿ ಕಾಣಿಸ್ತಿಲ್ಲ ಅಂತ ಕೂಗಿದ್ದು?”

ಐವತ್ತರ ಆಸುಪಾಸಿನ ಹೆಂಗಸು; ಕೊರಳಲ್ಲಿ ಆರು ಗುರುತಿನ ಚೀಟಿ, ಕೈಯಲ್ಲಿ ಒಂದು ಕಡತ. ತಂಡದ ಮ್ಯಾನೇಜರಮ್ಮ. ಅಲ್ಲಾಡಬೇಡಿಯವರು ಎದ್ದು ಕೈ ಮುಗಿದರು. “ತಪ್ಪಾಯ್ತು ತಾಯಿ. ಪೊಲೀಸರನ್ನ ಮಾತ್ರ ಕರೀಬೇಡಿ. ಮನೇಲಿ ಮಗಳಿದ್ದಾಳೆ.”

“ಪೊಲೀಸೂ ಬೇಡ, ಏನೂ ಬೇಡ. ಮೊದಲು ಇದನ್ನ ನೋಡಿ!” ಆಕೆ ಕಡತದಿಂದ ಒಂದು ಕಾಗದ ತೆಗೆದು ಮೂಗಿಗೆ ಹಿಡಿದರು. ಯಾವುದೋ ದೇಶದ ವೀಸಾ ಕಚೇರಿಯ ಕಾಗದ. ನಾಲ್ಕು ಅರ್ಜಿಗಳಿಗೂ ಕೆಂಪು ಗುರುತು. ನಾಲ್ಕಕ್ಕೂ ಒಂದೇ ಷರಾ: ‘ಕಿವಿಗಳು ಕಾಣಿಸುತ್ತಿಲ್ಲ.’

“ಮೂರು ಸಲ ವಾಪಸ್ ಬಂದಿದೆ ಕಣ್ರೀ! ನಾಳೆ ಬೆಳಗ್ಗೆ ಕೊನೇ ಅವಕಾಶ. ಮುಂದಿನ ತಿಂಗಳು ಅಲ್ಲಿ ಕಾರ್ಯಕ್ರಮ ಇದೆ. ಒಬ್ಬರು ಕಪ್ಪು ಕನ್ನಡಕ ತೆಗೆಯಲ್ಲ, ಒಬ್ಬರು ನಾಲಿಗೆ ಒಳಗೆ ಹಾಕಲ್ಲ. ಫೋಟೋದವರೆಲ್ಲ ಇವರನ್ನ ಕಂಡ್ರೆ ಹೆದರಿ ನಡುಗ್ತಾರೆ, ಬಾಯಿ ಬಿಟ್ಟು ಏನೂ ಹೇಳಲ್ಲ. ಇಷ್ಟು ವರ್ಷದಲ್ಲಿ ಇವರಿಗೆ ‘ಅಲ್ಲಾಡಬೇಡಿ’ ಅಂದ ಮೊದಲನೇ ಮನುಷ್ಯ ನೀವು. ನೀವು ಯಾರು ಸ್ವಾಮಿ?”

ಅಲ್ಲಾಡಬೇಡಿಯವರ ಬೆನ್ನು ತಾನಾಗಿ ನೆಟ್ಟಗಾಯಿತು. ಕನ್ನಡಕ ಹಾಕಿಕೊಂಡರು.

“ಪಾಸ್‌ಪೋರ್ಟ್ ಫೋಟೋ,” ಎಂದರು. “ಇಪ್ಪತ್ತೆಂಟು ವರ್ಷದ ಅನುಭವ. ಇವತ್ತಿನವರೆಗೂ ಒಂದೂ ವಾಪಸ್ ಬಂದಿಲ್ಲ.”

ಕಾರ್ಯಕ್ರಮ ಮುಗಿದು ವೇದಿಕೆಯ ಹಿಂದಿನ ಕೋಣೆಗೆ ಹೋದಾಗ ಅಲ್ಲಿ ಬೇರೆಯೇ ನಾಲ್ವರಿದ್ದರು. ಡ್ರಮ್ಮಿನವರು ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟು ಕೂತಿದ್ದರು. ಗಿಟಾರಿನವರು ಓದುವ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು. ಅದು ಅವರ ತಲೆಯ ಮೇಲೇ ಇತ್ತು. ಗರ್ಜಿಸಿದ ಹಿರಿಯರು ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಾ ಹತ್ತಿಯಂಥ ದನಿಯಲ್ಲಿ ಕೇಳಿದರು: “ನನ್ನ ಗದರಿಸಿದವರು ನೀವೇನಾ?”

“ಗದರಿಸಲಿಲ್ಲ ಸ್ವಾಮಿ, ನಿಯಮ ಹೇಳಿದೆ.”

“ನಮ್ಮಮ್ಮ ಹೋದ ಮೇಲೆ ನನಗೆ ಹಾಗೆ ಯಾರೂ ಹೇಳಿರಲಿಲ್ಲ,” ಎಂದರು ಆ ಹಿರಿಯರು. ಮುಲಾಮಿನ ಡಬ್ಬಿ ಮುಚ್ಚಿ, ಒಳ್ಳೆಯ ವಿದ್ಯಾರ್ಥಿಯಂತೆ ಎದ್ದು ಬಂದರು.

ತೊಡಕು ಬಂದದ್ದು ಹಿನ್ನೆಲೆಗೆ. ವೀಸಾ ಫೋಟೋಗೆ ಬಿಳಿ ಹಿನ್ನೆಲೆ ಬೇಕು. ಆ ಕೋಣೆಯಲ್ಲಿ ಪರದೆ ಕಪ್ಪು, ಗೋಡೆ ಕಪ್ಪು, ಟವೆಲು ಕೂಡ ಕಪ್ಪು. ಎಲ್ಲರೂ ಸುತ್ತಮುತ್ತ ನೋಡಿ ಕೊನೆಗೆ ಅಲ್ಲಾಡಬೇಡಿಯವರನ್ನು ನೋಡಿದರು. ಅವರು ಗುಂಡಿ ಬಿಚ್ಚಿ, ಹೆಂಡತಿ ಗಂಜಿ ಹಾಕಿದ ಅಂಗಿಯನ್ನು ಕಪ್ಪು ಪರದೆಗೆ ಬೆನ್ನು ಮುಂದಾಗಿ ಪಿನ್ನು ಚುಚ್ಚಿ ನಿಲ್ಲಿಸಿದರು. ಒಂದು ಸುಕ್ಕಿಲ್ಲ! ಬನಿಯನ್ನಿನಲ್ಲಿ ನಿಂತವರಿಗೆ ಮ್ಯಾನೇಜರಮ್ಮ ತಂಡದ ಟೀ ಶರ್ಟು ಕೊಟ್ಟರು. ಅದರ ಮೇಲಿನ ತಲೆಬುರುಡೆಯ ಕಣ್ಣಿನಿಂದ ಹಾವು ಹೊರಗೆ ಬರುತ್ತಿತ್ತು.

ಆಮೇಲೆ ನೋಡಬೇಕಿತ್ತು ಅವರ ಗತ್ತು! ಪ್ಯಾಂಟಿನ ಜೇಬಿನಿಂದ ಬಾಚಣಿಗೆ ಬಂತು, ಗುಲಾಬಿ ಬಣ್ಣದ ಕ್ಲಿಪ್ಪುಗಳು ಬಂದವು. “ಗದ್ದ ಕೆಳಗೆ. ನಾಲಿಗೆ ಒಳಗೆ. ಪೂರ್ತಿ ಒಳಗೆ!” ಹಾಡುವವರು ಪ್ರತಿಸಲ ಸರಿಯಾಗಿ ಬಟನ್ ಒತ್ತುವಾಗಲೇ ಕಣ್ಣು ಮುಚ್ಚುತ್ತಿದ್ದರು. “ಈಗಲೇ ಮುಚ್ಕೊಳ್ಳಿ. ಮೂರು ಅಂದಾಗ ಬಿಡಿ,” ಎಂದರು ಇವರು, ಕಣ್ಣು ತಾವರೆಯಂತೆ ಬಿಟ್ಟವು. ಡ್ರಮ್ಮಿನವರ ಪಾದ ಎಷ್ಟು ಹೇಳಿದರೂ ನಿಲ್ಲದೆ ನೆಲ ಬಡಿಯುತ್ತಿತ್ತು. ಮ್ಯಾನೇಜರಮ್ಮ ಹತಾಶರಾದರು. ಅಲ್ಲಾಡಬೇಡಿಯವರು ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟರು: “ಪಾದ ಅಲ್ಲಾಡಲಿ. ಫೋಟೋದಲ್ಲಿ ಪಾದ ಬರಲ್ಲ.”

ಕೊನೆಗೆ ಉಳಿದವರು ದಪ್ಪ ತಂತಿಯ ಗಿಟಾರಿನವರು. ಸದಾ ಮೂಲೆಯಲ್ಲಿರುವ, ಮಾತೇ ಆಡದ ಮನುಷ್ಯ. ಕೂದಲಿಗೆ ಕೈ ಹಾಕಲು ಹೋದರೆ ಹಿಂದೆ ಸರಿದರು. “ಬೇಡ. ನಾನು ಆ ದೇಶಕ್ಕೆ ಬರಲ್ಲ, ಬಿಡಿ.”

“ಯಜಮಾನ್ರೇ,” ಎಂದರು ಅಲ್ಲಾಡಬೇಡಿಯವರು, ತೊಟ್ಟಿಲ ಮಗುವಿಗೆ ಹೇಳುವಂತೆ, “ನಾನು ಇದುವರೆಗೂ ಒಂದು ಲಕ್ಷ ಜೊತೆ ಕಿವಿ ನೋಡಿದ್ದೀನಿ. ಸರಿ ಇಲ್ಲದ ಕಿವಿ ಅಂತ ಒಂದೂ ಕಂಡಿಲ್ಲ.”

ಆ ಹಿರಿಯರು ಕಣ್ಣು ಮುಚ್ಚಿ ತಲೆ ಒಡ್ಡಿದರು. ಎರಡು ಗುಲಾಬಿ ಕ್ಲಿಪ್ಪು ಕೂದಲನ್ನು ಹಿಂದಕ್ಕೆ ಹಿಡಿದವು. ಕಿವಿಗಳು ಮೊರದಷ್ಟಿದ್ದವು. ನಲವತ್ತೈದು ವರ್ಷ ಒಟ್ಟಿಗೆ ಉಂಡು ಮಲಗಿದವರೂ ಅವನ್ನು ಕಂಡಿರಲಿಲ್ಲ. ಅಲ್ಲಾಡಬೇಡಿಯವರು ಮುಖದ ಒಂದು ಗೆರೆಯೂ ಕದಲದಂತೆ, “ಅಲ್ಲಾಡಬೇಡಿ,” ಎಂದು ಒತ್ತಿದರು. ಆಮೇಲೆ ಕ್ಯಾಮೆರಾ ಇಳಿಸಿ, “ಮುಗೀತು. ಇನ್ನು ಎಲ್ಲರೂ ಅಲ್ಲಾಡಬಹುದು,” ಎಂದರು.

“ಶಾಲೇಲಿ ಆನೆ ಅಂತಿದ್ರು,” ಎಂದರು ಆ ಹಿರಿಯರು ನಿಧಾನವಾಗಿ. “ಅದಕ್ಕೇ ಕೂದಲು ಬಿಟ್ಟೆ. ಕೂದಲು ನೋಡಿ ನೀವು ತಂಡಕ್ಕೆ ಸೇರಿಸಿಕೊಂಡ್ರಿ. ಆಗ ನನಗೆ ಗಿಟಾರು ಹಿಡಿಯೋಕೂ ಬರ್ತಿರಲಿಲ್ಲ.”

“ಈಗ ಬರುತ್ತೇನೋ?” ಎಂದರು ಡ್ರಮ್ಮಿನವರು.

ಮೊದಲು ನಕ್ಕವರು ಆ ಕಿವಿಯವರೇ. ಆಮೇಲೆ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಾಡುವವರು ಆ ದೊಡ್ಡ ಕಿವಿ ಹಿಡಿದುಕೊಂಡೇ ನಕ್ಕರು, ಗುಲಾಬಿ ಕ್ಲಿಪ್ಪುಗಳು ಹಾರಿದವು, ಬಕೆಟಿನ ನೀರು ಚೆಲ್ಲಿತು. ಯಾರೂ ನೆಟ್ಟಗಿರಲಿಲ್ಲ, ಎಲ್ಲವೂ ಅಲ್ಲಾಡುತ್ತಿತ್ತು. ಅಲ್ಲಾಡಬೇಡಿಯವರ ಬೆರಳು ಅವರನ್ನು ಕೇಳದೆ ತಾನೇ ಬಗ್ಗಿತು.

“ಪೇಪರಿಗೆ ಬೇಕಿತ್ತಂತೆ ಪಾಪ,” ಎಂದರು ಮ್ಯಾನೇಜರಮ್ಮ. ಹಾಡುವವರು ಕ್ಯಾಮೆರಾದ ಹಿಂದೆ ಬಗ್ಗಿ ಆ ಕೊನೆಯ ಚಿತ್ರ ನೋಡಿದರು. “ಇದನ್ನೇ ಕೊಡಿ. ಜನ ಇಷ್ಟು ವರ್ಷ ನಮ್ಮ ಹಲ್ಲು ನೋಡಿದ್ದಾರೆ. ನಗು ನೋಡಿಲ್ಲ.” ಕಿವಿಯವರೂ ನೋಡಿದರು, ತಲೆಯಾಡಿಸಿದರು. ಕೂದಲನ್ನು ಮತ್ತೆ ಮುಂದಕ್ಕೆ ಹಾಕಿಕೊಳ್ಳಲಿಲ್ಲ.

ಪತ್ರಿಕೆಯ ಕಚೇರಿಯಲ್ಲಿ ಸಂಪಾದಕರು ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. “ಇದು ಅಲ್ಲಾಡಿದೆಯಲ್ರೀ?” ಎಂದರು ಕೊನೆಗೆ.

“ಅಲ್ಲಾಡಿದ್ದು ಅವರು. ನಾನಲ್ಲ,” ಎಂದರು ಇವರು.

ಮನೆಯಲ್ಲಿ ಬಾಗಿಲು ತೆರೆದ ಹೆಂಡತಿ ತಲೆಬುರುಡೆಯನ್ನೂ ಹಾವನ್ನೂ ನೋಡಿ, “ಯಜಮಾನರು ಮನೇಲಿಲ್ಲ, ನಾಳೆ ಬನ್ನಿ,” ಎಂದು ಬಾಗಿಲು ಹಾಕಿಕೊಂಡರು. ಮಗಳು ಓಡಿಬಂದು ತೆರೆದಳು. ಅಪ್ಪನ ಅವತಾರ ನೋಡಿ ಅವಳಿಗೆ ನಗು ಬರಲಿಲ್ಲ. ಅವರ ತೋಳಿಗೆ ಮುಖವಿಟ್ಟು, “ಆ ಮೈದಾನದಲ್ಲಿ ಕೂಗಿದ್ದು ಮನೆ ತನಕ ಕೇಳಿಸ್ತಪ್ಪಾ,” ಎಂದಳು.

ಸೋಮವಾರ ಬೆಳಗ್ಗೆ ಪತ್ರಿಕೆಯ ಮೊದಲ ಪುಟದಲ್ಲಿ, ನಾಲ್ಕು ಕಾಲಂ ಅಗಲಕ್ಕೆ, ಆ ನಗು ಬಂದಿತ್ತು. ಷಡ್ಡಕರು ಪೇಪರು ಮಡಚಿ ಹಿಡಿದು ಸ್ಟುಡಿಯೋಗೆ ಬಂದಾಗ ಬಾಗಿಲಲ್ಲಿ ಕಪ್ಪು ಬಟ್ಟೆಯ ಸಾಲು ಕ್ಷೌರದಂಗಡಿ ದಾಟಿ ಮೂಲೆಯವರೆಗೂ ನಿಂತಿತ್ತು. ಮೊಳೆಪಟ್ಟಿಯ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಎಲ್ಲರಿಗೂ ಅದೇ ಸ್ಟೂಲು, ಅದೇ ಗುಲಾಬಿ ಕ್ಲಿಪ್ಪು, ಅದೇ ಬೈಗುಳ ಬೇಕಿತ್ತು.

“ಫೋಟೋ ಬಂದಿದೆ, ಇಲ್ಲ ಅನ್ನಲ್ಲ,” ಎಂದರು ಷಡ್ಡಕರು. “ಆದರೆ ಮಾತು ಅಂದ್ರೆ ಮಾತು. ನಿನ್ನ ಹೆಸರೆಲ್ಲಿದೆ?” ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರ: ಅಲ್ಲಾಡಬೇಡಿ’ ಎಂದಿತ್ತು. ಪಾಪ, ಸಂಪಾದಕರಿಗೆ ಬೇರೆ ಹೆಸರು ಗೊತ್ತಿದ್ದರೆ ತಾನೆ?

ಪ್ಲೈವುಡ್ಡಿನ ಆಚೆಯಿಂದ ಕ್ಷೌರಿಕರ ದನಿ ಬಂತು: “ಹೊರಗೆ ನಿಂತಿರೋರನ್ನೇ ಕೇಳಿ ಸಾರ್, ಅದು ಯಾರ ಹೆಸರು ಅಂತ.” ಷಡ್ಡಕರು ಬಾಗಿಲಿಗೆ ಹೋಗಿ ಕೇಳಿದರು. ಸಾಲಿಗೆ ಸಾಲೇ ಕೈ ಎತ್ತಿ ಒಳಗೆ ತೋರಿಸಿತು. ಅಷ್ಟರಲ್ಲಿ ಮ್ಯಾನೇಜರಮ್ಮನ ಫೋನೂ ಬಂತು: ವೀಸಾ ಕಚೇರಿಯವರು ನಾಲ್ಕೂ ಫೋಟೋ ಒಪ್ಪಿಕೊಂಡರಂತೆ. ಅಲ್ಲಿನ ಗುಮಾಸ್ತ, ಇಂಥ ಕಿವಿಗಳನ್ನು ನೋಡಿಯೇ ಇರಲಿಲ್ಲ ಎಂದನಂತೆ.

ಷಡ್ಡಕರು ಸೋತರು. ಸೋತವರು ಸುಮ್ಮನೆ ಹೋಗುತ್ತಾರೆಯೇ? ಒಳ್ಳೆಯದು ಮಾಡದೆ ಬಿಡುವ ಮನುಷ್ಯರಲ್ಲವಲ್ಲ. ಅರ್ಧ ಗಂಟೆಯಲ್ಲಿ ಆಟೋದ ಮೇಲೆ ಆ ತಿರುಗುವ ಕುರ್ಚಿಯನ್ನು ಹೇರಿಕೊಂಡು ವಾಪಸು ಬಂದರು. “ಇಷ್ಟು ಜನ ಬರ್ತಾರೆ, ಕಾಯೋರಿಗೆ ಒಂದು ಕುರ್ಚಿ ಬೇಡವಾ? ಇಟ್ಕೋ.”

ಅಲ್ಲಾಡಬೇಡಿಯವರು ಕುರ್ಚಿಯನ್ನು ಒಂದು ಬೆರಳಿನಿಂದ ತಳ್ಳಿದರು. ಅದು ಒಂದು ಸುತ್ತು ಹಾಕಿತು. “ಕುರ್ಚಿ ಚೆನ್ನಾಗಿದೆ ಭಾವ. ಮೊದಲು ನೀವೇ ಕೂತ್ಕೊಳ್ಳಿ. ನಿಮ್ಮದೊಂದು ಫೋಟೋ ಇದುವರೆಗೂ ತೆಗೆದೇ ಇಲ್ಲ.”

ಷಡ್ಡಕರು ನಾಚುತ್ತಾ ಕೂತರು, ಇದ್ದ ನಾಲ್ಕು ಕೂದಲು ಸವರಿಕೊಂಡರು, ಗದ್ದ ಕೆಳಗಿಳಿಸಿ ಉಸಿರು ಬಿಗಿಹಿಡಿದು ಕಂಬದಂತಾದರು. ಅಪ್ಪಣೆಗಾಗಿ ಕಾದರು. ಬಾಗಿಲಲ್ಲಿದ್ದವರೂ ಕಾದರು, ಪ್ಲೈವುಡ್ಡಿನಾಚೆ ಕತ್ತರಿಯ ಸದ್ದೂ ನಿಂತಿತು.

ಅಲ್ಲಾಡಬೇಡಿಯವರು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿ, ಕಾಲಿನಿಂದ ಕುರ್ಚಿಯನ್ನು ಜೋರಾಗಿ ಒಮ್ಮೆ ತಳ್ಳಿದರು.

“ಭಾವ,” ಎಂದರು, “ಅಲ್ಲಾಡಿ!”